ಚೀಟಿ ಅಂಟಿಸದ ಡಬ್ಬಿ

ಸಯಾನ್ ಮಾಡಿದ ತಪ್ಪು ಇಷ್ಟೇ: ತನ್ನ ಗಾಜಿನ ಸ್ಲೈಡುಗಳನ್ನು ಬಿಸ್ಕತ್ತಿನ ಹಳೆಯ ನೀಲಿ ಡಬ್ಬಿಗೆ ಹಾಕಿ, ಪ್ರಯೋಗಾಲಯದ ಫ್ರಿಜ್ಜಿನಲ್ಲಿಟ್ಟಿದ್ದ. ಮೇಲೆ ಚೀಟಿ ಅಂಟಿಸಿರಲಿಲ್ಲ.

ಚೀಟಿಯ ಮಹಿಮೆ ಅವನಷ್ಟು ಬಲ್ಲವರು ಇಡೀ ಅಲ್ಮಾಟಿ ನಗರದಲ್ಲೇ ಇರಲಿಲ್ಲ ಅನ್ನಿ. ನರಕೋಶದ ಒಡಲಲ್ಲಿ ತಯಾರಾಗುವ ಪ್ರೋಟೀನಿನಲ್ಲಿ ವಿಳಾಸದ ಚೀಟಿಯಂಥ ತುಣುಕೊಂದು ಇರುತ್ತದೆ. ಅದನ್ನು ನೋಡಿಯೇ ಕೋಶವು ಇದು ಉದ್ದ ಬಾಲದ ತುದಿಗೆ, ಅದು ಕೊಂಬೆಗಳಿಗೆ ಎಂದು ವಿಂಗಡಿಸಿ ಸಾಗಿಸುತ್ತದೆ. ಆ ತುಣುಕು ಕತ್ತರಿಸಿದರೆ ಪ್ರೋಟೀನು ದಾರಿ ತಪ್ಪುತ್ತದೆಂದು, ಗಾಜಿಗೆ ಅಂಟಿಸಿದ ಕೋಶಗಳಲ್ಲೇ ತೋರಿಸುವ ಸ್ಲೈಡುಗಳವು. ಎರಡು ವರ್ಷದ ದುಡಿಮೆ. ಇಂದು ಸಂಜೆ ನಾಲ್ಕಕ್ಕೆ ಪ್ರೊಫೆಸರ್ ಟೊಕ್ಸಾನ್ ನೋಡಿ ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಊರ ದಾರಿ.

ಮಧ್ಯಾಹ್ನ ನೋಡಿದರೆ ಡಬ್ಬಿಯೇ ಇಲ್ಲ.

"ನೀಲಿ ಡಬ್ಬಿನಾ? ನಿನ್ನೆ ಜಾಗಿಪಾ ಅಪಾಯ್‌ಗೆ ಕಟ್ಟಿಕೊಟ್ಟೆ," ಎಂದರು ಸಂಸ್ಥೆಯ ಅಡುಗೆಮನೆಯ ಬೀಬಿನೂರ್ ಅಪಾಯ್. ಹಿರಿಯ ಹೆಂಗಸರನ್ನು ಅಲ್ಲಿ ಅಪಾಯ್ ಎಂದೇ ಕರೆಯುವುದು. ಗ್ರಂಥಪಾಲಕಿ ಜಾಗಿಪಾ ಅವರ ನಿವೃತ್ತಿಯ ಔತಣ ನಿನ್ನೆ ತಾನೇ ಮುಗಿದಿತ್ತು. "ಔತಣಕ್ಕೆ ಬಂದವರನ್ನ ಬರಿಗೈಲಿ ಕಳಿಸೋಕಾಗುತ್ತೇನಪ್ಪ? ಔತಣದ ತಿಂಡಿನೂ ಆ ಫ್ರಿಜ್ಜಲ್ಲೇ ಇಟ್ಟಿದ್ದೆ, ಇದೂ ಬಿಸ್ಕತ್ತು ಅಂದ್ಕೊಂಡೆ."

"ತೆರೆದು ನೋಡ್ಬಾರ್ದಾ ಅಪಾಯ್?"

"ಕಂಡೋರ ಡಬ್ಬಿ ತೆರೆಯೋಕೆ ನಾನೇನು ಕಳ್ಳಿನಾ?"

ಸಯಾನ್ ಬಸ್ಸಿಗೆ ಓಡಿದ.

"ಬಾ ಮಗಾ, ಮೊದ್ಲು ಚಹಾ," ಎಂದರು ಜಾಗಿಪಾ ಅಪಾಯ್, ಮನೆಯ ಬಾಗಿಲು ತೆರೆದು.

"ಆ ಡಬ್ಬಿ..."

"ಎಲ್ಲೂ ಹೋಗಲ್ಲ, ಕೂತ್ಕೋ. ಚಹಾ ಕುಡೀದೆ ಎದ್ರೆ ನನ್ನ ಮನೆಗೆ ಅವಮಾನ."

ಬಟ್ಟಲಿಗೆ ಅರ್ಧವೇ ಸುರಿಯುವುದು, ಮುಗಿದಂತೆಲ್ಲ ಮತ್ತೆ ಸುರಿಯುವುದು ಅಲ್ಲಿನ ಮರ್ಯಾದೆ. ಆ ಮರ್ಯಾದೆ ಐದನೇ ಬಟ್ಟಲಿಗೆ ಬರುವಷ್ಟರಲ್ಲಿ ಮೂರೂಕಾಲಾಗಿತ್ತು. ಕೊನೆಗೆ ಅಪಾಯ್ ಒಳಗಿನಿಂದ ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬಿ ತಂದುಕೊಟ್ಟರು. ಕೊಟ್ಟವರ ಎದುರೇ ಗಂಟು ಬಿಚ್ಚಿ ನೋಡುವುದು ಸಣ್ಣತನ. ಸಯಾನ್ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ.

ನಾಲ್ಕಕ್ಕೆ ಸರಿಯಾಗಿ ಪ್ರೊಫೆಸರರ ಮುಂದೆ ಗಂಟು ಬಿಚ್ಚಿದ. ಡಬ್ಬಿಯ ತುಂಬ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಬೌರ್ಸಾಕ್, ಇನ್ನೂ ಬೆಚ್ಚಗಿತ್ತು. ಅಡಿಯಲ್ಲಿ ಕಾಗದದ ಸುರುಳಿ; ಬಿಡಿಸಿದರೆ ಸ್ಲೈಡುಗಳು ಫಳಫಳ ಹೊಳೆಯುತ್ತಿದ್ದವು. ಸಯಾನ್ ಅಲ್ಲಿಂದಲೇ ಫೋನು ಮಾಡಿದ.

"ಬಂದ ಡಬ್ಬೀನ ಬರಿದು ಮಾಡಿ ವಾಪಸ್ ಕೊಡೋ ಮನೆತನ ನಮ್ದಲ್ಲ ಮಗಾ," ಎಂದರು ಜಾಗಿಪಾ ಅಪಾಯ್. "ಆ ಗಾಜಿಗೆಲ್ಲ ಏನೋ ಕೊಳೆ ಅಂಟಿತ್ತು. ಸೋಪು ಹಾಕಿ ತಿಕ್ಕಿ ತೊಳೆದಿದ್ದೀನಿ."

ಸಯಾನ್‌ಗೆ ಅಳುವೇ ಬಂತು. ಪ್ರೊಫೆಸರ್ ಒಂದು ಬೌರ್ಸಾಕ್ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಚೀಟಿ ಇಲ್ದಿದ್ರೆ ಸಾಮಾನು ತಪ್ಪು ಮನೆಗೆ ಹೋಗುತ್ತೆ ಅಂತ ಚೆನ್ನಾಗೇ ತೋರಿಸಿದೀಯಪ್ಪ. ಆದ್ರೆ ನಾನು ಕೇಳಿದ್ದು ನರಕೋಶದಲ್ಲಿ, ಬಸ್ಸಲ್ಲಲ್ಲ."

ತಿಂಗಳ ಕೊನೆಗೆ ಸಯಾನ್‌ನ ಬೀಳ್ಕೊಡುಗೆಯ ಔತಣ ಜೋರಾಗಿಯೇ ನಡೆಯಿತು. ಹೊರಡುವಾಗ ಬೀಬಿನೂರ್ ಅಪಾಯ್ ಅದೇ ನೀಲಿ ಡಬ್ಬಿಯ ತುಂಬ ತಿಂಡಿ ತುಂಬಿ ಅವನ ಕೈಗಿಟ್ಟರು. ಈ ಸಲ ಮೇಲೊಂದು ಚೀಟಿ ಅಂಟಿಸಿದ್ದರು, ಅವನ ಹೆಸರು, ಊರಿನ ವಿಳಾಸ ಸಮೇತ.