ಹೊರಸಿನ ಮೇಲೆ ಈಜಿದವರು

ಒಂದು ಹನಿ ನೀರನ್ನೂ ಮುಟ್ಟದೆ ಒಂದೂವರೆ ವರ್ಷ ಈಜು ಅಭ್ಯಾಸ ಮಾಡಿದ ಮನುಷ್ಯ ಇಡೀ ಬೀದರ್ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ, ಅವರು ನಮ್ಮ ಮನೆಯವರು! ಹೆಮ್ಮೆಯಿಂದ ಹೇಳುತ್ತಿದ್ದೇನೋ ಸಂಕಟದಿಂದ ಹೇಳುತ್ತಿದ್ದೇನೋ ಎಂದು ಕೇಳಬೇಡಿ. ನಾನು ದಿನವೂ ಡೈರಿ ಬರೆಯುವವಳು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವುದರಿಂದ ಎಲ್ಲ ಸಾಕ್ಷಿಗಳ ಮೇಲೂ ಅನುಮಾನ ಪಡುವ ರೋಗ ಅಂಟಿಕೊಂಡಿದೆ. ನಮ್ಮ ಮನೆಯ ಸಂಗತಿಗಳಿಗೆ ಮೊದಲ ಸಾಕ್ಷಿ ನಾನೇ ಆದ್ದರಿಂದ ಅನುಮಾನವೂ ಮೊದಲು ನನ್ನ ಮೇಲೆಯೇ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಡೈರಿಯಲ್ಲಿರುವುದು ಎಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದು ಎಷ್ಟು ಎಂದು ಪ್ರಮಾಣ ಮಾಡಿ ಹೇಳಲಾರೆ.

ಅವರು ಔರಾದ ರಸ್ತೆಯ ಹಳ್ಳಿ ಶಾಲೆಯೊಂದರಲ್ಲಿ ಗಣಿತದ ಮಾಸ್ತರರು. ನಾವು ಇರುವುದು ಬೀದರಿನಲ್ಲಿ: ಅವರು, ನಾನು, ಆಗ ಐದನೆಯ ತರಗತಿಯಲ್ಲಿದ್ದ ಮಗಳು, ಮತ್ತು ನಮ್ಮತ್ತೆ. ನಲವತ್ತೆರಡು ತುಂಬುವವರೆಗೆ ಬಸ್ಸು ಹಿಡಿಯಲು ಕೂಡ ಓಡದಿದ್ದ ಈ ಮನುಷ್ಯ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, ಈಜಿ, ಸೈಕಲ್ ಹೊಡೆದು, ಓಡಿ, ಮೂರನ್ನೂ ಒಂದೇ ದಿನ ನಡುವೆ ನಿಲ್ಲದೆ ಮುಗಿಸುವ ಟ್ರಯಥ್ಲಾನ್ ಎಂಬ ಸ್ಪರ್ಧೆ ಇದೆ, ಅದಕ್ಕೆ ತಯಾರಿ ಶುರು ಮಾಡುತ್ತೇನೆ ಎಂದರು. ಅತ್ತೆ ಬಟ್ಟಲು ಕೆಳಗಿಟ್ಟರು.

"ಗೆದ್ರ ಏನ್ ಕೊಡ್ತಾರ?"

"ಒಂದು ಪದಕ ಕೊಡ್ತಾರವ್ವಾ."

"ಸೋತ್ರ?"

"ಪೂರಾ ಮುಗಿಸಿದ್ರ ಸೋತವ್ರಿಗೂ ಪದಕ ಅದ."

"ಹಂಗಿದ್ರ ಸೋತೇ ಬಾ. ಅಷ್ಟ್ ಯಾಕ ದಣೀತಿ?"

ಮಳೆ ಕೈಕೊಟ್ಟ ವರ್ಷಗಳು ಒಂದರ ಹಿಂದೆ ಒಂದು ಬಂದ ಕಾಲ ಅದು. ನಳದಲ್ಲಿ ನೀರು ಯಾವಾಗ ಬರುತ್ತದೆ ಎಂದು ನಳಕ್ಕೂ ಗೊತ್ತಿರಲಿಲ್ಲ. ಟ್ಯಾಂಕರಿನ ಹಾರ್ನ್ ಕೇಳಿದರೆ ನಮ್ಮ ಓಣಿಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಒಂದೇ ಷರತ್ತು ಹಾಕಿದೆ. ಸೈಕಲ್ ಹೊಡೆಯುವುದೇ ಆದರೆ ಶಾಲೆಗೆ ಸೈಕಲ್ಲಿನಲ್ಲೇ ಹೋಗಿ ಬನ್ನಿ, ಬರುವಾಗ ದಾರಿಯ ಹೊಲದ ಬೋರಿನಿಂದ ಎರಡು ಕ್ಯಾನು ನೀರು ಕಟ್ಟಿಕೊಂಡು ಬನ್ನಿ. ಅವರು ಕೂಡಲೇ ಒಪ್ಪಿದರು. ಭಾರ ಎಳೆದರೆ ತೊಡೆಗಳಿಗೆ ಬಲ ಬರುತ್ತದಂತೆ! ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೊಳಕಾಲಿನ ಮೇಲೇ ನಿಂತ ಚಡ್ಡಿ, ಹಿಂದೆ ಎಡಕ್ಕೊಂದು ಬಲಕ್ಕೊಂದು ನೀಲಿ ಕ್ಯಾನು. ಔರಾದ ರಸ್ತೆಯ ಎಮ್ಮೆಗಳು ಮೇಯುವುದು ಬಿಟ್ಟು ನಿಂತು ನೋಡುತ್ತಿದ್ದವೆಂದು ಅವರೇ ಹೇಳಿದ್ದಾರೆ.

ಒಂದು ಸಂಜೆ ಖಾಲಿ ಸೈಕಲ್ಲಿನಲ್ಲಿ ಬಂದರು.

"ನೀರು?"

"ದಾರ್ಯಾಗ ಒಬ್ಬಾಕಿ ಮುದುಕಿ ಕೊಡ ಹಿಡ್ಕೊಂಡು ಕುಂತಿದ್ಳು. ಒಂದು ಕ್ಯಾನ್ ಕೊಟ್ಟೆ."

"ಇನ್ನೊಂದು?"

"ಒಂದೇ ಉಳಿದ್ರ ಸೈಕಲ್ ಒಂದ್ ಕಡಿ ವಾಲ್ತದ. ಬ್ಯಾಲೆನ್ಸ್ ಹೋಗ್ತದ. ಅದಕ್ಕ ಅದೂ ಕೊಟ್ಟುಬಿಟ್ಟೆ."

ಸೈಕಲ್ಲು ವಾಲುವುದು ಕಂಡ ಗಣಿತದವರಿಗೆ ಸಂಸಾರ ವಾಲುವುದು ಹೇಗೆ ಕಾಣುವುದಿಲ್ಲ? ಆ ದಿನ ಪಾತ್ರೆ ತೊಳೆಯಲು ಪಕ್ಕದ ಮನೆಯಿಂದ ಅರ್ಧ ಬಕೆಟ್ಟು ಬೇಡಿ ತಂದವಳು ನಾನು.

ಈಜಿನ ಪಾಠ ನಡೆಯುತ್ತಿದ್ದದ್ದು ಅಂಗಳದಲ್ಲಿ, ಅತ್ತೆ ಮಲಗುವ ಹಗ್ಗದ ಹೊರಸಿನ ಮೇಲೆ. ಬೆಳಿಗ್ಗೆ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಪಂಚಶೀಲ ಹೇಳಿದ ಮೇಲೆ ಅತ್ತೆ ಹೊರಸು ಖಾಲಿ ಮಾಡಿಕೊಡಬೇಕು. ಇವರು ಬೋರಲು ಮಲಗಿ, ಫೋನಿನಲ್ಲಿ ಯಾರೋ ಹೇಳಿಕೊಟ್ಟಂತೆ ಕೈ ಬೀಸುತ್ತ, ಕತ್ತು ತಿರುಗಿಸಿ ಉಸಿರು ಎಳೆಯುತ್ತ, ಗಾಳಿಯನ್ನೇ ಸೀಳುವರು. ಮಗಳು ಕಾಲು ಹಿಡಿದು ಎಣಿಸುವಳು. ಮೊದಲ ದಿನ ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿ, "ಯಪ್ಪಾ, ಮಾಸ್ತರಿಗಿ ಫಿಟ್ಸ್ ಬಂದಾವ! ಕೈಯಾಗ ಕಬ್ಬಿಣ ಕೊಡ್ರಿ" ಎಂದು ಬೀಗದ ಕೈ ಎಸೆದಳು. ಅತ್ತೆ ಅದನ್ನು ಎತ್ತಿಕೊಂಡು, "ಫಿಟ್ಸ್ ಅಲ್ಲವ್ವಾ, ಈಜ್ಲತ್ತಾನ. ದಂಡಿ ಸಿಗವಲ್ದು ನೋಡು" ಎಂದರು.

ಮಗಳು ಶಾಲೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧ ಬರೆದಳು. "ನಮ್ಮ ತಂದೆಯವರು ದಿನಾಲು ಹೊರಸಿನ ಮೇಲೆ ಒಂದು ಕಿಲೋಮೀಟರ್ ಈಜುತ್ತಾರೆ" ಎಂಬ ವಾಕ್ಯದ ಕೆಳಗೆ ಟೀಚರು ಕೆಂಪು ಗೆರೆ ಎಳೆದು, 'ಸುಳ್ಳು ಬರೆಯಬಾರದು' ಎಂದಿದ್ದರು. ಮಗಳು ಅಳುತ್ತ ಬಂದಳು. ಸತ್ಯ ಬರೆದದ್ದಕ್ಕೆ ಪೆಟ್ಟು ತಿಂದವರ ಸಾಲಿನಲ್ಲಿ ನಮ್ಮ ಮಗಳನ್ನೂ ಸೇರಿಸಬೇಕು.

ಇಷ್ಟು ಬರೆದು ನಕ್ಕೆ. ಮುಂದಿನದು ನಗುವಂಥದ್ದಲ್ಲ.

ಭಾನುವಾರ ಓಟದ ದಿನ. ಬೆಳಕು ಹರಿಯುವ ಮೊದಲೇ ಔರಾದ ರಸ್ತೆಯಲ್ಲಿ ದೂರ ಹೋಗಿ ಬೀದರಿನ ಕಡೆ ಓಡಿ ಬರುತ್ತಿದ್ದರು. ಒಮ್ಮೆ ಹಿಂದಿನಿಂದ ಬಂದ ಹೈದರಾಬಾದಿನ ಬಸ್ಸು ಪಕ್ಕದಲ್ಲೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, "ಓಡಬ್ಯಾಡ್ರಿ ಓಡಬ್ಯಾಡ್ರಿ, ನಿಂತದ! ಹತ್ರಿ ಜಲ್ದಿ" ಎಂದ. ಬಸ್ಸು ತುಂಬ ಊರು ಬಿಟ್ಟು ಕೆಲಸ ಹುಡುಕಿ ಹೊರಟವರು. ಗಂಟು, ಸ್ಟೋವು, ಚಾಪೆ, ಮಡಿಲ ಮಕ್ಕಳು. ಒಬ್ಬ ಹೆಂಗಸು ತನ್ನ ಗಂಟನ್ನು ತೊಡೆಯ ಮೇಲೆಳೆದುಕೊಂಡು, "ಬರ್ರಿ, ಜಗಾ ಅದ. ನಿಮ್ದೂ ಹೈದ್ರಾಬಾದೇ ಏನು?" ಎಂದಳು. ತಾನು ಎಲ್ಲಿಗೂ ಹೋಗುತ್ತಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದು ಆ ಮುಖಗಳಿಗೆ ಹೇಳುವುದು ಹೇಗೆ? ಹತ್ತಿದರು. ಹಿಂದಿನ ಸೀಟಿನಿಂದ ಇಬ್ಬರು ಹುಡುಗಿಯರು ಎದ್ದು ನಿಂತು "ನಮಸ್ಕಾರ ಸರ್" ಎಂದರು. ಇವರ ಎಂಟನೆಯ ತರಗತಿಯವರು.

"ಪರೀಕ್ಷಾ?" ಎಂದು ಇವರು ಕೇಳಿದರಂತೆ.

"ಬಂದು ಬರೀತೀವ್ರಿ ಸರ್."

ಬೀದರಿನಲ್ಲಿ ಇಳಿದು ಮನೆಗೆ ಬಂದು ಶೂ ಬಿಚ್ಚಿ, ಬಾಗಿಲ ಹಿಂದೆ ಇಟ್ಟರು. ಎಷ್ಟೋ ದಿನ ಓಡಲಿಲ್ಲ. ನನ್ನ ನೆನಪು ಒಂದು ತಿಂಗಳು ಎನ್ನುತ್ತದೆ. ಡೈರಿ ತೆಗೆದರೆ ಮುಂದಿನ ಭಾನುವಾರದ ಪುಟದಲ್ಲೇ 'ಮತ್ತೆ ಓಟ, ಬೆವರಿನ ಬಟ್ಟೆಗೆ ನೀರಿಲ್ಲ' ಎಂದಿದೆ. ಒಂದು ವಾರವನ್ನು ತಿಂಗಳಾಗಿ ಹಿಗ್ಗಿಸಿಕೊಂಡ ನಾನು ಯಾರನ್ನು ಒಳ್ಳೆಯವರನ್ನಾಗಿ ಮಾಡಲು ಹೊರಟಿದ್ದೆನೋ ತಿಳಿಯದು. ಹುಡುಗಿಯರು ಪರೀಕ್ಷೆ ಬರೆಯಲು ಬರಲಿಲ್ಲ. ಅದು ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ.

ಆ ಬೆವರಿನ ಬಟ್ಟೆಯ ದಿನವೇ ನಮ್ಮ ಜಗಳ. "ಜನ ಒಂದು ಕೊಡ ನೀರಿಗೆ ಮೈಲಿ ನಡೀತಾರ, ನೀವು ಪದಕಕ್ಕ ಓಡ್ತೀರಿ. ನಾಚಿಕಿ ಅನಸಲ್ಲೇನ್ರಿ?" ಎಂದೆ.

"ಪದಕ ಯಾರಿಗಿ ಬೇಕಾಗ್ಯಾದ? ಓಟಾ, ಸೈಕಲ್ಲಾ ಎರಡೂ ನಾಳೆ ಬಿಡು ಅಂದ್ರ ಬಿಡ್ತೇನಿ. ನಂಗ ಈಜಾಕ ಬರಬೇಕು, ಅಷ್ಟೇ."

"ನೀರೇ ಇಲ್ಲದ ಊರಾಗ?"

ಬೆವರಿನ ಬಟ್ಟೆಯನ್ನು ಹಾಗೇ ತಂತಿಗೆ ಹಾಕಿದರು. ಈಜೇ ಯಾಕೆ ಎಂದು ನಾನು ಕೇಳಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಗಂಡನ ಹುಚ್ಚನ್ನು ಹುಚ್ಚು ಎಂದುಕೊಂಡು ಸುಮ್ಮನಿರುವುದು ಸುಲಭ.

ಆ ಬೇಸಿಗೆ ನಾವು ನಾಲ್ವರೂ ಭಾಲ್ಕಿಯ ನನ್ನ ತವರಿನಲ್ಲಿದ್ದಾಗ ಒಂದು ಸುದ್ದಿ ಬಂತು. ಇವರ ಹುಟ್ಟೂರು ಮೆಹಕರದ ಹತ್ತಿರ ಹೊಲವೊಂದರ ಮೆಟ್ಟಿಲು ಬಾವಿಯಲ್ಲಿ ಇನ್ನೂ ಆಳು ಮುಳುಗುವಷ್ಟು ನೀರಿದೆಯಂತೆ. ಇವರ ಕಣ್ಣು ಅರಳಿತು. ಅತ್ತೆ ಮಾತ್ರ, "ಆ ಬಾವಿಯೇನು?" ಎಂದಷ್ಟೇ ಕೇಳಿದರು. ಮರುದಿನ ನಾಲ್ವರೂ ಹೋದೆವು.

ಬಾವಿಯ ಯಜಮಾನರು ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗವಿದ್ದ ಎಪ್ಪತ್ತರ ಹತ್ತಿರದವರು. ಆ ವರ್ಷ ಹೊಲಕ್ಕೆ ನೀರು ಬಿಡದೆ ಬಾವಿಯನ್ನು ಇಡೀ ಊರಿಗೆ ತೆರೆದಿದ್ದರು. ದಂಡೆಯ ಮೇಲೆ ಇಪ್ಪತ್ತು ಮೂವತ್ತು ಕೊಡ ಸಾಲಾಗಿದ್ದವು. ಇವರು ಯಾರನ್ನೂ ನೋಡಲಿಲ್ಲ. ಅಂಗಿ ಕಳಚಿದರು, ರಬ್ಬರಿನ ಟೊಪ್ಪಿಗೆ ತಲೆಗೆ ಎಳೆದರು, ಈಜುಗನ್ನಡಕ ಹಾಕಿದರು. ಒಂದು ವರ್ಷಕ್ಕೂ ಮೀರಿದ ಆಸೆ! ಬರಗಾಲದ ಬಾವಿಯ ಬಾಯಲ್ಲಿ ಕಪ್ಪೆಯ ಕಣ್ಣಿನ ಗಣಿತದ ಮಾಸ್ತರರನ್ನು ಕಂಡು ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಒಬ್ಬಳು ನಗಲಿಲ್ಲ.

"ಏನ್ರಿ ಮಾಸ್ತರ, ನೀವು ಮೈ ತೊಳದ ನೀರಾಗ ನಾವ್ ಬ್ಯಾಳಿ ಬೇಯಿಸ್ಬೇಕೇನು?"

ನಗು ನಿಂತಿತು. ಯಜಮಾನರು, "ಏ, ಸುಮ್ನಿರವಾ. ಇಳೀರಿ ಮಾಸ್ತರ, ನಾ ಹೇಳ್ತೇನಲ್ಲ" ಎಂದರು. ಇವರು ಎರಡನೆಯ ಮೆಟ್ಟಿಲಲ್ಲಿ ನಿಂತಿದ್ದರು. ಕೆಳಗಿನ ನೀರನ್ನು ನೋಡಿದರು, ಕೊಡಗಳನ್ನು ನೋಡಿದರು. ಟೊಪ್ಪಿಗೆ ತೆಗೆದರು. "ಇಲ್ರಿ. ಆಕಿ ಹೇಳೋದು ಖರೇ ಅದ. ಕುಡಿಯೋ ನೀರದು" ಎಂದು ಮೇಲೆ ಬಂದರು.

ಆ ಹೆಂಗಸಿನ ಮಾತನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಅದರಲ್ಲಿ ಬರಗಾಲ ಮಾತ್ರ ಇತ್ತೇ, ಇನ್ನೂ ಹಳೆಯದೊಂದು ಇತ್ತೇ? ಅವಳ ದನಿಯನ್ನು ನೆನೆಸಿಕೊಳ್ಳಲು ಹೋದರೆ ಒಮ್ಮೆ ಹೀಗೆ ಕೇಳಿಸುತ್ತದೆ, ಒಮ್ಮೆ ಹಾಗೆ. ಇತಿಹಾಸ ಓದಿದ್ದು ಇಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ.

ಹಳೆಯದು ಏನೆಂದು ಅತ್ತೆ ಹೇಳಿದ್ದು ಭಾಲ್ಕಿಗೆ ಮರಳುವ ಟಂಟಂ ಆಟೋದಲ್ಲಿ. ಇವರು ಮುಂದೆ ಡ್ರೈವರಿನ ಪಕ್ಕ ಕೂತಿದ್ದರು. "ನಮ್ಮವ್ರಿಗಿ ಆ ಬಾವಿ ಮೆಟ್ಲ ಇಳಿಲಾಕ ಬಿಡ್ತಿದ್ದಿಲ್ಲ. ಮ್ಯಾಲ ನಿಂದ್ರಬೇಕು, ಯಾರರೆ ಸುರಿದ್ರ ಹಿಡಿಬೇಕು. ಬ್ಯಾಸಿಗ್ಯಾಗ ಊರ ಹುಡುಗುರೆಲ್ಲ ತೇಲಲಾಕ ಬೆನ್ನಿಗಿ ಒಣಾ ಕುಂಬಳದ ಬುರುಡಿ ಕಟ್ಕೊಂಡು ಧುಮುಕೋರು. ಇಂವ ದಂಡಿ ಮ್ಯಾಲ ಕುಂತು ನೋಡಾಂವ. ಒಂದಿನ ಇಳದ. ಬರೀ ಕಾಲು ಅದ್ದಿದ್ದ. ಯಜಮಾನ್ರ ಅಪ್ಪ ಇಂವನ್ನ ಕಿವಿ ಹಿಡಿದು ಮನಿ ಮುಂದ ತಂದು ನಿಂದ್ರಿಸಿದ. ನಾನೇ ಹೊಡದೆ, ಎಲ್ಲಾರ ಮುಂದ. ಹೊಡೀಲಿಲ್ಲ ಅಂದ್ರ ಅವ್ರು ಹೊಡೀತಿದ್ರು."

ಹನ್ನೆರಡು ವರ್ಷದಲ್ಲಿ ಇವರು ನನಗೆ ಇದನ್ನು ಹೇಳಿರಲಿಲ್ಲ. ಅಥವಾ ಯಾವಾಗಲೋ ಹೇಳಿದ್ದರೇ, ನಾನು ಸೊಪ್ಪು ಸೋಸುತ್ತ ಹೂಂಗುಟ್ಟಿದ್ದೆನೇ? ಹಳೆಯ ಡೈರಿಗಳನ್ನೆಲ್ಲ ಹುಡುಕಿದೆ. ಇಲ್ಲ. ಇಲ್ಲದ್ದರಿಂದ ಏನು ಸಿದ್ಧವಾಗುತ್ತದೆ?

ಬೀದರಿಗೆ ಮರಳಿದ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹೊರಸು ಖಾಲಿಯೇ ಇತ್ತು. ಅತ್ತೆ ದೀಪ ಹಚ್ಚಿ ಬಂದು, "ಏಳು, ಮಲ್ಕೋ ಬಾ, ಕೈ ಬೀಸು" ಎಂದು ಮಗನನ್ನು ತಾವೇ ಎಬ್ಬಿಸಿದರು. ಅಂದಿನಿಂದ ಕಾಲು ಹಿಡಿಯುವ ಕೆಲಸ ಮೊಮ್ಮಗಳಿಂದ ಅಜ್ಜಿಗೆ ಬಂತು.

ಆ ವರ್ಷ ಮಳೆ ಬಂತು. ಮೊದಲು ಯಾರೂ ನಂಬಲಿಲ್ಲ, ಆಮೇಲೆ ಸಾಕು ಎನ್ನುವಷ್ಟು ಸುರಿಯಿತು. ಮೆಹಕರದ ಯಜಮಾನರು ಭಾಲ್ಕಿ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದರು: ಬಾವಿ ತುಂಬಿದೆ, ಊರ ಬೋರುಗಳೂ ಎದ್ದಿವೆ, ಕುಡಿಯಲು ಯಾರೂ ಇಲ್ಲಿಂದ ಒಯ್ಯುತ್ತಿಲ್ಲ, ಮಾಸ್ತರರು ಬರಲಿ.

ಹೋದೆವು. ನೀರು ಮೇಲಿನ ಐದಾರು ಮೆಟ್ಟಿಲನ್ನಷ್ಟೇ ಬಿಟ್ಟು ನಿಂತಿತ್ತು, ನಮ್ಮ ಮಣ್ಣಿನ ಹಾಗೆ ಕೆಂಪಗೆ. ಇವರು ಟೊಪ್ಪಿಗೆ ಹಾಕಿ ಇಳಿದರು. ಪಾದ ನೀರಿಗೆ ತಾಗಿದ್ದೇ ನಿಂತುಬಿಟ್ಟರು. ಕೈ ಗೋಡೆಯ ಕಲ್ಲನ್ನು ಹಿಡಿಯಿತು. ಹೊರಸಿನ ಮೇಲೆ ಅಷ್ಟು ಕಿಲೋಮೀಟರು ಈಜಿದ ಮನುಷ್ಯ!

"ಇಳೀರಿ ಪಪ್ಪಾ" ಎಂದಳು ಮಗಳು.

"ಹೂಂ. ಇಳೀತೇನಿ."

ಇಳಿಯಲಿಲ್ಲ. ಯಜಮಾನರು ಮುಖ ತಿರುಗಿಸಿಕೊಂಡರು. ಆಗ ಅತ್ತೆ ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ಮಗನನ್ನು ದಾಟಿ ನೀರಿಗೆ ಹೋದರು. ಮೊಳಕಾಲು, ಸೊಂಟ, ಎದೆ. ಅಲ್ಲೊಂದು ಅಗಲ ಮೆಟ್ಟಿಲಿನಲ್ಲಿ ನಿಂತು ತಿರುಗಿ ಎರಡೂ ಕೈ ಚಾಚಿದರು.

"ಬಾ."

"ಅವ್ವಾ, ನಿಂಗ ಈಜಾಕ ಬರಲ್ಲ."

"ಬರಲ್ಲ. ಹಿಡಿಲಾಕ ಬರ್ತದ. ಬಾ."

ಹೋದರು. ತಾಯಿಯ ಕೈಗಳ ಮೇಲೆ ಬೋರಲು ಮಲಗಿದರು. ಕಲಿತದ್ದೆಲ್ಲ ಮರೆತು ಮೊದಲು ನೀರು ಕುಡಿದರು, ಕೆಮ್ಮಿದರು, ಆಮೇಲೆ ಕೈ ಬೀಸಿದರು. ಒಂದು, ಎರಡು, ಮೂರು. ಅತ್ತೆ ಜೊತೆಗೆ ಬದಿಗೆ ಬದಿಗೆ ಸರಿಯುತ್ತಿದ್ದರು. ಹತ್ತರವರೆಗೆ ಮಗಳು ಎಣಿಸಿದಳು.

ಬರುವಾಗ ಟಂಟಂನಲ್ಲಿ ಅವರು ತಾಯಿಯ ಪಕ್ಕದಲ್ಲೇ ಕೂತರು. ಇಬ್ಬರೂ ತೊಯ್ದಿದ್ದರು.

"ಅವ್ವಾ, ಕಡೀಕ ನೀ ಕೈ ಬಿಟ್ಟಿದ್ದಿ, ಹೌದಲ್ಲ?"

"ಹೌದಪ್ಪಾ, ಬಿಟ್ಟಿದ್ದೆ. ನೀನೇ ತೇಲಿದಿ."

ನೀರು ಕೆಂಪಗಿತ್ತು, ಒಳಗಿನ ಕೈಗಳು ಕಾಣುತ್ತಿರಲಿಲ್ಲ. ಆದರೆ ಅತ್ತೆಯ ಹೆಗಲು ನೀರಿನ ಮೇಲಿತ್ತು. ಭಾರ ಹಿಡಿದ ಹೆಗಲು ಹೇಗಿರುತ್ತದೆ ಎಂದು ಕೊಡ ಹೊತ್ತ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ನನ್ನ ನೆನಪನ್ನು ನಾನು ನಂಬುವವಳಲ್ಲ. ಇದೊಂದನ್ನು ನಂಬುತ್ತೇನೆ: ಅತ್ತೆ ಕೈ ಬಿಟ್ಟಿರಲಿಲ್ಲ.