ಭಾವನ ಹೋಟೆಲಿಗೆ ನಾನು ಮಾಡಿದ ಬೋರ್ಡು

ಕೆಲವರಿಗೆ ಧೂಳು ಆಗುವುದಿಲ್ಲ, ಕೆಲವರಿಗೆ ಬದನೆಕಾಯಿ ಆಗುವುದಿಲ್ಲ. ನನಗೆ ಸೊಟ್ಟ ಆಗುವುದಿಲ್ಲ. ಗೋಡೆಯ ಕ್ಯಾಲೆಂಡರ್ ಚೂರು ವಾಲಿದ್ದರೂ ಸಾಕು, ಎದುರಿಗೆ ಕುಳಿತವರ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಒಮ್ಮೆ ನೆರೂಳದಿಂದ ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ ಯಾರೋ ಅಂಟಿಸಿದ್ದ ಟ್ಯೂಷನ್ ಜಾಹೀರಾತು ಸೊಟ್ಟಗಿತ್ತು. ತಡೆಯಲಾರದೆ ಎದ್ದು, ಮೆಲ್ಲಗೆ ಕಿತ್ತು, ನೆಟ್ಟಗೆ ಅಂಟಿಸಿ ತಿರುಗಿದರೆ ನನ್ನ ಕಿಟಕಿ ಸೀಟಿನಲ್ಲಿ ಇನ್ನೊಬ್ಬಾಕೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಸಾಲದ್ದಕ್ಕೆ ಟ್ಯೂಷನ್ ನಡೆಸುವವಳು ನಾನೇ ಎಂದು ತಿಳಿದು, "ಮ್ಯಾಥ್ಸ್ ಭೀ ಲೇತಿ ಹೋ ಕ್ಯಾ?" ಎಂದು ಕೇಳಿದಳು.

"ಮಂದಿ ಮನ್ಯಾಗರ ಕೈ ಕಟ್ಕೊಂಡು ಕೂಡವಾ, ಶೈಲಾ" ಎಂದು ಬಾಗಲಕೋಟೆಯ ನನ್ನ ಅವ್ವ ಬೇಡಿಕೊಳ್ಳುತ್ತಾಳೆ. ಕೂಡಬಹುದಿತ್ತು. ಆದರೆ ನನ್ನ ಗಂಡನ ಮನೆಯವರು ಉಡುಪಿಯವರು, ಗಂಡನ ಅಣ್ಣ ಠಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಾರೆ, ಆ ಹೋಟೆಲಿನ ಗೋಡೆಗೊಂದು ತಿಂಡಿಗಳ ಬೋರ್ಡು. ಒಂದೊಂದು ತಿಂಡಿಗೂ ಸಿಕ್ಕಿಸುವ ಒಂದೊಂದು ಪಟ್ಟಿ, ಒಂದೊಂದು ಬಣ್ಣ, ಒಂದೊಂದು ಅಕ್ಷರ. ಇಡ್ಲಿ ಮೇಲಿದ್ದರೆ ಇಡ್ಲಿವಡೆ ಕೆಳಗೆಲ್ಲೋ ಲಸ್ಸಿಯ ಪಕ್ಕದಲ್ಲಿ. ಅದರೆದುರು ಕುಳಿತರೆ ನನಗೆ ದೋಸೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಗಷ್ಟೇ ಎದುರಿಗೆ ಹೊಸ ಹೋಟೆಲೊಂದು ಶುರುವಾಗಿ ಭಾವನ ಬೆಳಗಿನ ಗಿರಾಕಿಗಳು ಅತ್ತ ಜಾರತೊಡಗಿದ್ದರು. "ಹೊಸ ಬೋರ್ಡು ನಾನು ಮಾಡಿಕೊಡುತ್ತೇನೆ" ಎಂದೆ. ಭಾವ ಅನುಮಾನದಿಂದಲೇ ಒಪ್ಪಿದರು. "ಮಾಡು ಮಾರಾಯ್ತಿ. ಗಿರಾಕಿ ಒಳಗೆ ಬಂದ್ರೆ ಸಾಕು." ನಾನಂತೂ ಉಬ್ಬಿಹೋದೆ. ಹುಟ್ಟಿನಿಂದ ಬಂದ ಈ ಪೀಡೆಗೆ ಮೊದಲ ಸಲ ಡಿಸೈನ್ ಎಂಬ ಗೌರವದ ಹೆಸರು ಬಂದಿತ್ತು. ಅದು ಕೆಟ್ಟರೆ ಜನ್ಮವಿಡೀ ಕೈ ಕಟ್ಟಿ ಕೂಡಬೇಕಾದೀತೆಂಬ ಭಯವೂ ಇತ್ತು. ಒಂದೇ ಅಕ್ಷರ, ಒಂದೇ ಬಣ್ಣ, ಇಡ್ಲಿಯ ಕುಟುಂಬವೆಲ್ಲ ಒಂದು ಕಡೆ, ದೋಸೆಯ ಕುಟುಂಬ ಇನ್ನೊಂದು ಕಡೆ. ನಡುವೆ ಕಣ್ಣಿಗೆ ತಂಪಾಗಲೆಂದು ಧಾರಾಳವಾಗಿ ಜಾಗ ಬಿಟ್ಟೆ. ಹಾಕಿದ ದಿನ ನಾನೇ ದೃಷ್ಟಿ ತೆಗೆಯುವುದೊಂದು ಬಾಕಿ.

ಮರುದಿನ ಬೆಳಿಗ್ಗೆ ಹೆಮ್ಮೆಯಿಂದ ಗಲ್ಲಾಪೆಟ್ಟಿಗೆಯ ಪಕ್ಕ ನಿಂತೆ. ಪಾಳಿ ಮುಗಿಸಿದ ರೈಲ್ವೆ ಕಾರ್‌ಶೆಡ್ಡಿನವರು ಬಾಗಿಲವರೆಗೆ ಬಂದರು, ಬೋರ್ಡು ನೋಡಿದರು, ಎದುರಿನ ಹೋಟೆಲಿಗೆ ನಡೆದರು. ಅವರ ಹಿಂದೆ ಬಂದವರೂ ಹಾಗೆಯೇ. ಕೊನೆಗೊಬ್ಬ ಹಳೆಯ ಗಿರಾಕಿ ಇಣುಕಿ, "ಕ್ಯಾ ಅಣ್ಣಾ, ಸುಬೇ ಸುಬೇ ಸಬ್ ಖತಮ್?" ಎಂದ.

ಭಾವ ತಲೆ ಎತ್ತಿ ಬೋರ್ಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಎಂತ ಮಾಡಿದ್ದು ಮಾರಾಯ್ತಿ! ತಿಂಡಿ ಮುಗಿದ್ರೆ ನಾವು ಪಟ್ಟಿ ತೆಗೆಯುವುದಲ್ವಾ? ಇಷ್ಟು ಜಾಗ ಬಿಟ್ರೆ ಅರ್ಧ ತಿಂಡಿ ಖಾಲಿಯಾಗಿದೆ ಅಂತ ಅವ ಹೋಗದೆ ಮತ್ತೆಂತ ಮಾಡ್ತಾನೆ?" ಮದುವೆಯಾದಾಗಿನಿಂದ ಆ ಹೋಟೆಲಿನಲ್ಲಿ ಪಟ್ಟಿ ತೆಗೆಯುವುದನ್ನು ನಾನು ನೋಡುತ್ತಲೇ ಬಂದಿದ್ದೆ. ಹೊಳೆದಿರಲಿಲ್ಲ, ಅಷ್ಟೆ.

ಭಾವ ಕಾಯಲಿಲ್ಲ. ಕುರ್ಚಿ ಹತ್ತಿ, ಹಳೆಯ ಪಟ್ಟಿಗಳನ್ನೆಲ್ಲ ತಂದು ಸಿಕ್ಕಲ್ಲಿ ತುರುಕಿದರು. ಉಳಿದ ಸಂದುಗಳಲ್ಲಿ "ಗರಂ ಸಾಂಬಾರ್", "ಕೃಪಯಾ ಇಲ್ಲಿ ಕೈ ತೊಳೆಯಬೇಡಿ", ಒಂದು ಗಣಪತಿ ಸ್ಟಿಕ್ಕರ್. ಎಲ್ಲವೂ ಸೊಟ್ಟ. ಸ್ವಲ್ಪ ಹೊತ್ತಿನಲ್ಲೇ ಹೋಟೆಲು ತುಂಬಿತು. ರಬಾಳೆಯಲ್ಲಿ ಕ್ಯಾಂಟೀನ್ ನಡೆಸುವವರೊಬ್ಬರು ಪೂರಿ ಮುರಿಯುತ್ತಾ, "ಶೆಟ್ರೇ, ಈ ಬೋರ್ಡು ಯಾರು ಮಾಡಿದ್ದು? ಭರ್ಜರಿ ಉಂಟು" ಎಂದರು.

"ನಮ್ಮ ತಮ್ಮನ ಹೆಂಡ್ತಿ. ಡಿಸೈನರ್!" ಎಂದರು ಭಾವ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

"ನನಗೂ ಹೀಗೇ ಬೇಕು ಮೇಡಂ. ಒಂದು ಬೆರಳಷ್ಟೂ ಜಾಗ ಬಿಡಬೇಡಿ."

ಅಲ್ಲ ಎನ್ನಲು ಬಾಯಿ ತೆರೆದೆ. "ಆಗಲಿ" ಎಂಬ ಮಾತು ಬಂತು.

ಈಗ ನನಗೆ ಕಲ್ಯಾಣ ಸ್ಟೇಷನ್ನಿನವರೆಗೂ ಕೆಲಸ ಸಿಗುತ್ತದೆ. ಬೋರ್ಡು ಹಾಕಿದ ದಿನ ಮಾಲೀಕರು ಪ್ರೀತಿಯಿಂದ ಊಟಕ್ಕೆ ಕೂರಿಸುತ್ತಾರೆ. ನಾನು ಬೋರ್ಡಿನ ಗೋಡೆಗೆ ಬೆನ್ನು ಹಾಕಿ ಕುಳಿತು ಉಣ್ಣುತ್ತೇನೆ.