ಹೊಸ ಸಿಸ್ಟಂ, ನಿಧಾನದ ಡ್ರೈವರ್

ಕಂಪ್ಯೂಟರ್ ಬಲ್ಲವನು ಎಂಬ ಹೆಸರು ನನಗೆ ಬಂದದ್ದು ಕಲಿತು ಅಲ್ಲ, ಯಾರೋ ಹಾಗೆಂದಾಗ ಸುಮ್ಮನಿದ್ದುದರಿಂದ. ತೊಂಬತ್ತರ ದಶಕದ ಕೊನೆಯಲ್ಲಿ ಬಂಗಾರಪೇಟೆಯಲ್ಲಿ ಅಷ್ಟು ಸಾಕಾಗಿತ್ತು. ಕೀಲಿಮಣೆಯ ಮೇಲೆ ಎರಡೂ ಕೈ ಇಟ್ಟವನನ್ನು ಪಂಡಿತ ಎನ್ನುತ್ತಿದ್ದರು. ನಾನೂ ಎರಡು ಕೈ ಇಡುತ್ತಿದ್ದೆ, ಓಡುತ್ತಿದ್ದದ್ದು ಮಾತ್ರ ಎರಡು ಬೆರಳು. ಹೀಗೆ ನಮ್ಮ ಹಾಲಿನ ಸಂಘದಲ್ಲಿ ನನಗೊಂದು ಕುರ್ಚಿ ಸಿಕ್ಕಿತು, ಕುರ್ಚಿಯ ಜೊತೆಗೆ ಈ ತಾಪತ್ರಯವೂ.

ಸಂಘದಲ್ಲಿದ್ದದ್ದು ಎರಡು ಕಂಪ್ಯೂಟರ್. ಹಾಲು ಅಳೆಯುವ ಕಿಟಕಿಯ ಬಳಿ ಒಂದು, ಗೋಡೆಯಾಚೆ ಒಳಕೋಣೆಯಲ್ಲಿ ಇನ್ನೊಂದು. ಹಾಲು ಹಾಕುವವರ ವಿವರವೆಲ್ಲ ಒಳಗಿನದರಲ್ಲಿ. ಕಿಟಕಿಯಲ್ಲಿ ಹೆಸರು ಒತ್ತಿದರೆ ಡೇಟಾಬೇಸ್ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ತಂತಿಯಲ್ಲಿ ಹೋಗಿ, ಕೇಳಿ, ಉತ್ತರ ಹೊತ್ತು ತರಬೇಕು. ಕಪ್ಪು ಪರದೆಯ ಹಳೆಯ ವ್ಯವಸ್ಥೆ ಇದ್ದಷ್ಟು ದಿನ ಮುನಿಯಮ್ಮ ಎಂದು ಒತ್ತಿ ಬೆರಳೆತ್ತುವುದರೊಳಗೆ ಮುನಿಯಮ್ಮನ ವಿವರ ಬರುತ್ತಿತ್ತು. ಕಾಲಕ್ಕೆ ತಕ್ಕಂತೆ ಇರೋಣವೆಂದು ಬಣ್ಣಬಣ್ಣದ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದೆವು ನೋಡಿ, ಅಲ್ಲಿಂದ ಪರದೆಯ ಮೇಲೆ ‘ಕಾಯಿರಿ’ ಎನ್ನುವ ಮರಳುಗಡಿಯಾರವೊಂದು ಬಂದು ನಿಲ್ಲತೊಡಗಿತು. ನಿಜವಾದ ಮುನಿಯಮ್ಮ ಕ್ಯಾನು ಕೆಳಗಿಟ್ಟು, ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಂಡು, "ಏನಪ್ಪಾ, ನಾನು ಇಲ್ಲೇ ಇವ್ನಿ. ನನ್ನ ಇನ್ನೆಲ್ಲಿ ಉಡುಕ್ತಾ ಇದ್ದೀಯ?" ಎನ್ನುತ್ತಿದ್ದಳು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲು ಕರಗಿದ ಮೇಲೇ ಮನೆಮನೆಗೆ ಹಾಲು ಒಯ್ಯುವ ವ್ಯಾನು ಹೊರಡಬೇಕು. ಚಿನ್ನದ ಗಣಿಯ ಕಡೆಯ ಕೋರಮಂಡಲ್ಲಿನ ಮನೆಗಳಿಗೆ ಕಾಫಿಯ ಹೊತ್ತು ಮೀರಿ ಹಾಲು ತಲುಪಿತು, ಬೈಗುಳ ಮಾತ್ರ ಹೊತ್ತಿಗೆ ಸರಿಯಾಗಿ ನಮಗೆ ತಲುಪಿತು.

ಸಂಘದ ಅಧ್ಯಕ್ಷರು ಮುನಿವೆಂಕಟಪ್ಪನವರು. ಹಾಲು ತಡವಾಗುವುದೇಕೆಂದು ಕೇಳಿದರು. ನಾನು ಪಂಡಿತನ ಗತ್ತಿನಲ್ಲಿ, "ಡ್ರೈವರ್ ನಿಧಾನ ಅಣ್ಣಾ. ಹಳೇದು. ಹೊಸ ಸಿಸ್ಟಂಗೆ ಹೊಂದ್ತಿಲ್ಲ, ಬದಲಾಯಿಸಬೇಕು" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ, "ನಾನೂ ನೋಡ್ತಾನೇ ಇವ್ನಿ" ಎಂದರು. ಅವರೇನು ನೋಡಿದ್ದರೋ ನಾನು ಕೇಳಲಿಲ್ಲ. ‘ಹಳೇದು’ ಎಂದಾಗಲಾದರೂ ಅವರಿಗೆ ಅನುಮಾನ ಬರಬೇಕಿತ್ತು. ಆದರೆ ನಮ್ಮ ಕಡೆ ಬೇಸರ ಬಂದರೆ ಮನುಷ್ಯರನ್ನೂ ‘ಅದು’ ಎನ್ನುವುದೇ ರೂಢಿ. ನನ್ನ ಅಜ್ಜಿ ತಾತನನ್ನು ಜೀವಮಾನವಿಡೀ ‘ಅದು’ ಎಂದೇ ಕರೆದಳು. "ಅದಕ್ಕೆ ಮುದ್ದೆ ಇಟ್ಟೆಯಾ" ಎಂದರೆ ಎಮ್ಮೆಯೋ ತಾತನೋ ಎಂದು ಸೊಸೆಯಂದಿರು ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ವ್ಯಾನಿನ ಡ್ರೈವರ್ ಮಣಿ ನನ್ನ ಮೇಜಿನ ಮುಂದೆ ನಿಂತಿದ್ದ. ನಂದಿದುರ್ಗದ ಗಣಿ ಕಾರ್ಮಿಕರ ಲೈನಿನವನು, ತಮಿಳು ಮನೆಮಾತು, ಕನ್ನಡ ಸ್ನೇಹಕ್ಕೆ, ತೆಲುಗು ಜಗಳಕ್ಕೆ. ಅವತ್ತು ತೆಲುಗು ಬಿಟ್ಟು ಕನ್ನಡದಲ್ಲೇ ಮಾತಾಡಿದ.

"ಸಾರ್, ಕಂಪ್ಯೂಟರ್‌ಲಿ ನನ್ ಪೇರು ಎಂಗೆ ಬಂತು?"

"ಏನಪ್ಪ ಅದು?"

"ನಾನು ಸ್ಲೋ ಅಂತ ಕಂಪ್ಯೂಟರ್ ಹೇಳ್ತಂತೆ. ಒಂದನೇ ತಾರೀಕಿಂದ ಬರಬೇಡ ಅಂದ್ರು ಪ್ರೆಸಿಡೆಂಟು. ಮನೇಲಿ ಇನ್ನೂ ಹೇಳಿಲ್ಲ ಸಾರ್."

ನಾನು ಅಧ್ಯಕ್ಷರ ಕೋಣೆಗೆ ಓಡಿದೆ. "ಅಣ್ಣಾ, ನಾನಂದದ್ದು ಮಣೀನ ಅಲ್ಲ. ಕಂಪ್ಯೂಟರ್ ಒಳಗಡೆ ಒಂದು ಡ್ರೈವರ್ ಇರ್ತದೆ."

"ಒಳಗಡೆ?"

"ಹೂಂ, ಒಳಗಡೆ."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ನೋಡಪ್ಪಾ, ಒಬ್ಬನ ಕೆಲಸ ಓಯ್ತದೆ ಅಂತ ನಿಂಗೆ ಅಯ್ಯೋ ಅನ್ನಿಸ್ತದೆ. ಒಳ್ಳೇದೇ. ಅದಕ್ಕೆ ಇಂತಾ ಕತೆ ಕಟ್ಟಬಾರ್ದು. ಮಣೀನ ಬದಲಾಯಿಸದೆ ಹಾಲು ಹೊತ್ತಿಗೆ ಸರಿಯಾಗಿ ಓಗಂಗೆ ಮಾಡು, ಆವಾಗ ನಂಬ್ತೀನಿ."

ಹೀಗೆ ಒಬ್ಬ ಡ್ರೈವರನ ಅನ್ನ ಇನ್ನೊಂದು ಡ್ರೈವರಿನ ಕೈಗೆ ಹೋಯಿತು. ನಾನು ಡ್ರೈವರ್ ತೆಗೆದು ಮತ್ತೆ ಹಾಕಿದೆ. ಹೊಸ ಆವೃತ್ತಿ ತರಿಸಿದೆ. ತಂತಿ ಬದಲಾಯಿಸಿದೆ. ಮಣಿ ನನ್ನ ಕುರ್ಚಿಯ ಹಿಂದೆಯೇ ನಿಂತಿರುತ್ತಿದ್ದ. ‘ಈ ಡ್ರೈವರನ್ನು ತೆಗೆದುಹಾಕಲೇ?’ ಎಂದು ಯಂತ್ರ ಕೇಳಿದ್ದನ್ನು ನಾನು ಅಪ್ಪಿತಪ್ಪಿ ಜೋರಾಗಿ ಕನ್ನಡದಲ್ಲಿ ಹೇಳಿದಾಗಲೆಲ್ಲ ಅವನು ಉಗುಳು ನುಂಗುವುದು ಕೇಳಿಸುತ್ತಿತ್ತು. ಮರಳುಗಡಿಯಾರ ಅಲ್ಲಾಡಲಿಲ್ಲ.

ದಾರಿ ತೋರಿಸಿದ್ದು ಅಧ್ಯಕ್ಷರ ಸಿಟ್ಟು. ಬೀಗರ ಜೊತೆ ಫೋನಿನಲ್ಲಿದ್ದವರು ರಿಸೀವರ್ ಕುಕ್ಕಿ ಹೊರಬಂದರು. "ಯಾವನ್ಲಾ ಅದು ಫೋನ್‌ನಾಗೆ ಕೀರಲೋದು? ನೀನು ಒಂದೊಂದು ಎಸರು ಒತ್ತಿದಾಗ್ಲೂ ಕೀಂ ಅಂತದೆ."

ಹೊಸ ಸಿಸ್ಟಂ ಜೊತೆ ಇಂಟರ್ನೆಟ್ಟಿಗೆಂದು ಫೋನಿಗೆ ಮೋಡೆಮ್ ಎಂಬ, ಫೋನು ಹಚ್ಚುವಾಗ ಕೀಂ ಎನ್ನುವ ಡಬ್ಬಿ ಜೋಡಿಸಿದ್ದೆವು. ಆಗ ನನಗೆ ಹೊಳೆಯಿತು. ಪಾಪ, ಡ್ರೈವರಿಗೆ ಒಳಕೋಣೆಯ ಯಂತ್ರದ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ. ಈ ಹೆಸರಿನವರು ಎಲ್ಲಿದ್ದಾರೆಂದು ಸಿಸ್ಟಂ ಅನ್ನು ಕೇಳುತ್ತದೆ. ಹೊಸ ಸಿಸ್ಟಂ ದೊಡ್ಡ ಊರಿನ ಬುದ್ಧಿಯದು, ಮೊದಲು ಇಂಟರ್ನೆಟ್ಟಿನವರಿರುವ ಬೆಂಗಳೂರಿಗೆ ಫೋನು ಹಚ್ಚುತ್ತದೆ. ಉತ್ತರಕ್ಕೆ ಕಾಯುತ್ತದೆ, ಸೋಲುತ್ತದೆ, ಆಮೇಲೆ ಮನೆಯೊಳಗೆ ಕೂಗಿ ನೋಡುತ್ತದೆ. ಗೋಡೆಯಾಚೆ ಇರುವವರನ್ನು ಪ್ರತಿ ಕ್ಯಾನಿಗೊಮ್ಮೆ ಬೆಂಗಳೂರಿನಲ್ಲಿ ಹುಡುಕುತ್ತಿದ್ದೆವು. ಕಿಟಕಿಯ ಕಂಪ್ಯೂಟರಿನಲ್ಲಿ ಒಳಗಿನದರ ಹೆಸರು, ಪಕ್ಕದಲ್ಲಿ ಅದರ ವಿಳಾಸದ ಸಂಖ್ಯೆ, ಒಂದೇ ಒಂದು ಸಾಲು ಬರೆದಿಟ್ಟೆ. ಮಾರನೆಯ ಬೆಳಿಗ್ಗೆ ಮುನಿಯಮ್ಮ, "ಎಲೆ ಮಡಿಸಾಕೂ ಬಿಡ್ಲಿಲ್ವಲ್ಲಪ್ಪ" ಎಂದು ಗೊಣಗಿಕೊಂಡು ಹೋದಳು. ಕೋರಮಂಡಲ್ಲಿನಿಂದ ಬೈಗುಳ ಬರಲಿಲ್ಲ. ಅಧ್ಯಕ್ಷರು, "ಮಣಿ ಇರ್ಲಿ ಬುಡು" ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಆ ಒಳಗಡೆಯೋನು ಯಾವ ಕಡೆಯೋನು?" ಎಂದು ಮೆತ್ತಗೆ ಕೇಳಿದರು.

ಅಂದು ಸಂಜೆ ಮಣಿ ಬಿಡಲೇ ಇಲ್ಲ. ಮನೆಗೆ ಬಂದು ಕಾಫಿ ಕುಡಿಯಲೇಬೇಕೆಂದು ಖಾಲಿ ವ್ಯಾನಿನಲ್ಲಿ, ಪಕ್ಕದ ಸೀಟು ಒರೆಸಿ ಕೂರಿಸಿಕೊಂಡು ನಂದಿದುರ್ಗಕ್ಕೆ ಹೊರಟ. ಬಂಗಾರಪೇಟೆ ದಾಟುವಾಗ ಒಂದು ಸೈಕಲ್ ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಹುಲ್ಲಿನ ಗಾಡಿಯೊಂದು ಗಂಟೆ ಅಲ್ಲಾಡಿಸಿ ದಾರಿ ಕೇಳಿತು, ಮಣಿ ದೊಡ್ಡ ಮನಸ್ಸಿನಿಂದ ಕೊಟ್ಟ. ಅಧ್ಯಕ್ಷರು ಏನು ನೋಡಿದ್ದರೆಂದು ನನಗೆ ಅರ್ಥವಾಗತೊಡಗಿತು. ಅಷ್ಟರಲ್ಲಿ ಮಣಿ ನನ್ನ ಕಡೆ ತಿರುಗಿ, ಮುಖ ತುಂಬ ನಗುತ್ತಾ, "ನೀವೇ ಸೊಲ್ಲಿ ಸಾರ್, ನಾನು ಸ್ಲೋನಾ?" ಎಂದ.

ನಾನು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಛೆ ಛೆ, ಸ್ವಲ್ಪ ನಿಧಾನಕ್ಕೆ ಹೋಗಪ್ಪ, ಭಯವಾಗುತ್ತೆ" ಎಂದೆ.

ಅವನು ಒಳ್ಳೆಯವನು, ಇನ್ನೂ ನಿಧಾನ ಮಾಡಿದ.